ಟೋಪಿ ಬದಲಾಯಿತು, ಮಿಕ್ಕದ್ದು?

2025ರ ಅಕ್ಟೋಬರ್ ಕೊನೆಯಲ್ಲಿ ಕರ್ನಾಟಕದ ಕಾನ್‌ಸ್ಟೆಬಲ್‌ಗಳ ತಲೆಯಿಂದ ಸ್ಲೋಚ್ ಹ್ಯಾಟ್ ಇಳಿದು ನೀಲಿ ಪೀಕ್ ಕ್ಯಾಪ್ ಏರಿತು. ಗಲಾಟೆಯಲ್ಲಿ ಓಡುವಾಗ ಹ್ಯಾಟ್ ಹಿಡಿದುಕೊಳ್ಳಬೇಕೋ ಲಾಠಿ ಹಿಡಿದುಕೊಳ್ಳಬೇಕೋ ಎಂಬ ಗೋಳು ಹಳೆಯದು. ಟೋಪಿಗೇ ಇಷ್ಟು ವರ್ಷ ಹಿಡಿದರೆ ಸಂಬಳ, ರಜೆ, ವರ್ಗಾವಣೆಯ ಮಾತೇನು?

ಪೊಲೀಸರಿಗೆ ದನಿ ಎತ್ತುವ ದಾರಿಯೇ ಇಕ್ಕಟ್ಟು. 1966ರ ಕೇಂದ್ರ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರಿದ ಪೊಲೀಸರಿಗೆ ಎರಡು ವರ್ಷದವರೆಗೆ ಜೈಲಾಗಬಹುದು. ಪತ್ರಿಕೆಯವರ ಜೊತೆ ಮಾತಾಡುವುದಕ್ಕೂ ಕಡಿವಾಣವಿದೆ. ಉಳಿದದ್ದು ಅರ್ಜಿ: ಇನ್‌ಸ್ಪೆಕ್ಟರ್, ಡಿವೈಎಸ್‌ಪಿ, ಎಸ್‌ಪಿ ಎಂದು ಮೆಟ್ಟಿಲು ಹತ್ತುತ್ತ ಹೋಗಬೇಕು. ಯಾರ ಮೇಲೆ ದೂರೋ ಅವರ ಮೇಜಿನ ಮೇಲಿಂದಲೇ ಅದು ಹಾಯುವುದೂ ಉಂಟು.

ಇಷ್ಟಿದ್ದರೂ 2016ರ ಜೂನ್ 4ರಂದು ಪೊಲೀಸರೆಲ್ಲ ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಬಂತು. ಆ ದಿನ ಠಾಣೆಗಳೇನೂ ಖಾಲಿಯಾಗಲಿಲ್ಲ, ಆದರೆ ಸರ್ಕಾರಕ್ಕೆ ಬಿಸಿ ತಟ್ಟಿತು. ಸರ್ಕಾರ ನೇಮಿಸಿದ ಔರಾದ್ಕರ್ ಸಮಿತಿ ವೇತನ ಪರಿಷ್ಕರಣೆಗೆ ವರದಿ ಕೊಟ್ಟಿತು. ಜಾರಿಯಾದದ್ದು 2019ರಲ್ಲಿ, ಕಾನ್‌ಸ್ಟೆಬಲ್‌ನ ಆರಂಭಿಕ ಮೂಲವೇತನ 23,500 ರೂಪಾಯಿಗೆ ಏರಿತು. ಹೊಸಬರಿಗೇನೋ ಖುಷಿ. ಹತ್ತಾರು ವರ್ಷ ಸೇವೆ ಮಾಡಿದವರು ಮಾತ್ರ ನಿನ್ನೆ ಸೇರಿದವರ ಪಕ್ಕ ತಮ್ಮ ಪೇ ಸ್ಲಿಪ್ ಇಟ್ಟು ನೋಡಿ ಮುಖ ಸಣ್ಣ ಮಾಡಿಕೊಂಡರು.

ದುಡ್ಡಿನ ಲೆಕ್ಕ ಹೀಗಿದೆ. ಪೊಲೀಸ್ ರಾಜ್ಯದ ವಿಷಯ, ಸಂಬಳ ರಾಜ್ಯದ ಬಜೆಟ್‌ನದು. ಆಧುನೀಕರಣ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40 ಪಾಲು ಹಾಕುತ್ತವೆ. ಆ ಹಣ ಆಯುಧ, ಸಂವಹನ, ಲ್ಯಾಬ್ ಉಪಕರಣದಂಥವಕ್ಕೆ. ಅದರಲ್ಲಿ ಹೊಸ ಯಂತ್ರ ಬರಬಹುದು, ಅದನ್ನು ನಡೆಸುವ ಕೈಗಳನ್ನು ರಾಜ್ಯವೇ ಸಾಕಬೇಕು.

ಪೊಲೀಸ್ ಸುಧಾರಣೆಯ ಮೂಲ ಸುಪ್ರೀಂ ಕೋರ್ಟ್‌ನ 2006ರ ಪ್ರಕಾಶ್ ಸಿಂಗ್ ತೀರ್ಪು. ಅದರಂತೆ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತು. ವರ್ಗಾವಣೆಗೆ ಸಿಬ್ಬಂದಿ ಮಂಡಳಿ ಬಂತು, ಒಂದು ಹುದ್ದೆಯಲ್ಲಿರುವ ಅವಧಿಯೂ ನಿಗದಿಯಾಯಿತು. ಆದರೂ ಆಯಕಟ್ಟಿನ ಠಾಣೆ ಬೇಕೆನ್ನುವ ಇನ್‌ಸ್ಪೆಕ್ಟರ್ ಶಾಸಕರ 'ಮಿನಿಟ್' (ಶಿಫಾರಸು ಪತ್ರ) ಹುಡುಕಿಕೊಂಡೇ ಹೋಗುತ್ತಾರೆಂಬುದು ಇಲಾಖೆಯಲ್ಲಿ ಗುಟ್ಟೇನಲ್ಲ.

ತನಿಖೆ ಬೇರೆ, ಬಂದೋಬಸ್ತ್ ಬೇರೆ ಮಾಡಿ ಎಂದೂ ಆ ತೀರ್ಪು ಹೇಳಿತ್ತು. ನನ್ನ ಮಟ್ಟಿಗೆ ಠಾಣೆಗೆ ಎಲ್ಲಕ್ಕಿಂತ ಬೇಕಾದದ್ದು ಇದೇ. ಬೆಳಿಗ್ಗೆ ಕಳವಿನ ಮನೆಯಲ್ಲಿ ಪಂಚರನ್ನು ಕೂರಿಸಿ ಮಹಜರು ಬರೆದ ಎಸ್‌ಐ, ಸಂಜೆ ಗಣಪತಿ ಮೆರವಣಿಗೆಯ ಮುಂದೆ ಹಗ್ಗ ಹಿಡಿದು ನಿಲ್ಲುತ್ತಾರೆ. ಕೇಸ್ ಡೈರಿ ತೆರೆಯುವುದು ಗಣಪತಿ ನೀರಿಗಿಳಿದ ಮೇಲೆ.