ಎತ್ತರ ನಿಂತ ಮಗು ಬೇಗ ಪ್ರಾಯಕ್ಕೆ ಬಂದರೆ

ವಯಸ್ಸು ಮೀರಿದ ಸಸಿ ನೆಟ್ಟರೆ ಅಥವಾ ಸಾರಜನಕ ಸಾಲದಾದರೆ ಹೂಕೋಸಿನ ಗಿಡವು ಬೆಳೆಯುವ ಮೊದಲೇ ಗುಂಡಿಯಷ್ಟು ಪುಟ್ಟ ಹೂ ಕಟ್ಟುವುದು ರೈತ ಬಾಂಧವರಿಗೆ ತಿಳಿದ ವಿಷಯ. ಫಸಲು ಬೇಗ ಬಂತೆಂದು ಯಾರೂ ಹಿಗ್ಗುವುದಿಲ್ಲ. ಗಿಡಕ್ಕೆ ಏನೋ ಕೊರತೆಯಾಗಿದೆ ಎಂದು ಅರಿಯುತ್ತಾರೆ. ಮಕ್ಕಳಲ್ಲಿಯೂ ಅಪರೂಪವಾಗಿ ಇಂಥ ಸ್ಥಿತಿ ಕಂಡುಬರುತ್ತದೆ.

ಹೆಣ್ಣುಮಕ್ಕಳಲ್ಲಿ 8 ವರ್ಷಕ್ಕೆ, ಗಂಡುಮಕ್ಕಳಲ್ಲಿ 9 ವರ್ಷಕ್ಕೆ ಮೊದಲು ಪ್ರಾಯದ ಚಿಹ್ನೆಗಳು ಕಂಡರೆ ಅದು ಅಕಾಲಿಕ. ಸಾಮಾನ್ಯವಾಗಿ ಇಂಥ ಮಕ್ಕಳು ಆಗ ಬೇಗಬೇಗ ಎತ್ತರವಾಗುತ್ತಾರೆ. ಆದರೆ ಥೈರಾಯ್ಡ್ ಗ್ರಂಥಿಯ ಕೊರತೆಯಿಂದ ಹೀಗಾದಾಗ ಎತ್ತರ ಕುಂಠಿತವಾಗಿರುತ್ತದೆ. ಮೂಳೆಗಳ ಬೆಳವಣಿಗೆಯೂ ವಯಸ್ಸಿಗಿಂತ ಹಿಂದುಳಿದಿರುತ್ತದೆ. ಅಮೆರಿಕದ ವೈದ್ಯರಾದ ವಾನ್ ವೈಕ್ ಮತ್ತು ಗ್ರುಂಬಾಕ್ 1960ರಲ್ಲಿ ಇದನ್ನು ವಿವರಿಸಿದರು.

ಕಾರಣವೇನು?

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಸಾಕಷ್ಟು ಹಾರ್ಮೋನು ಸ್ರವಿಸದಿದ್ದರೆ, ಅದನ್ನು ಎಬ್ಬಿಸಲು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಚೋದಕವನ್ನು ಅತಿಯಾಗಿ ಹರಿಸುತ್ತದೆ. ಒಂದು ಗದ್ದೆಗೆ ಬಿಟ್ಟ ನೀರು ಬದು ಮೀರಿ ಪಕ್ಕದ ಗದ್ದೆಗೂ ನುಗ್ಗುವಂತೆ, ಈ ಚೋದಕವು ಅಂಡಾಶಯವನ್ನೂ ಪ್ರಚೋದಿಸುತ್ತದೆ. ಎದೆ ಬೆಳೆಯುತ್ತದೆ, ಮುಟ್ಟಿನಂತೆ ರಕ್ತಸ್ರಾವವಾಗುತ್ತದೆ, ಅಂಡಾಶಯದಲ್ಲಿ ನೀರುಗುಳ್ಳೆಗಳಾಗಬಹುದು. ಗಂಡುಮಕ್ಕಳಲ್ಲಿ ವೃಷಣಗಳು ದೊಡ್ಡವಾಗುತ್ತವೆ.

ಗುರುತಿಸುವುದು ಹೇಗೆ?

ಮಗುವು ಓರಗೆಯವರಿಗಿಂತ ಗಿಡ್ಡವಾಗಿ ಉಳಿಯುವುದು, ಮೈ ತೂಕ ಹೆಚ್ಚುವುದು, ಮುಖ ಊದಿದಂತಿರುವುದು, ಒಣಚರ್ಮ, ಮಲಬದ್ಧತೆ, ಚಳಿ ತಡೆಯದಿರುವುದು, ಸದಾ ಮಂಕುತನ – ಇವು ಮುಖ್ಯ ಲಕ್ಷಣಗಳು. ಆರು ತಿಂಗಳಿಗೊಮ್ಮೆ ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ದಿನಾಂಕ ಬರೆದಿಡುವುದು ಒಳ್ಳೆಯದು.

ಚಿಕಿತ್ಸೆ

ರಕ್ತಪರೀಕ್ಷೆಯಿಂದ ರೋಗ ತಿಳಿಯುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಲೆವೊಥೈರಾಕ್ಸಿನ್ ಮಾತ್ರೆಯನ್ನು ದಿನವೂ ಬರಿಹೊಟ್ಟೆಯಲ್ಲಿ ನೀರಿನೊಡನೆ ಕೊಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಇದರ ಜೊತೆ ಕೊಡಬಾರದು. ಕ್ರಮೇಣ ರಕ್ತಸ್ರಾವ ನಿಲ್ಲುತ್ತದೆ, ಗುಳ್ಳೆಗಳು ಕುಗ್ಗುತ್ತವೆ, ಎತ್ತರ ಮತ್ತೆ ಹೆಚ್ಚತೊಡಗುತ್ತದೆ. ಆದುದರಿಂದ ಇಂಥ ಮಗುವಿನ ಗುಳ್ಳೆಯನ್ನು ಗಡ್ಡೆಯೆಂದು ತಿಳಿದು ಶಸ್ತ್ರಚಿಕಿತ್ಸೆಗೆ ಅವಸರಪಡುವ ಮೊದಲು ಥೈರಾಯ್ಡ್ ಪರೀಕ್ಷೆ ಆಗಲೇಬೇಕು.

ಅಯೋಡಿನ್ ಕೊರತೆಯನ್ನು ತಡೆಯಲು ಅಯೋಡಿನ್‌ಯುಕ್ತ ಉಪ್ಪನ್ನು ಎಲ್ಲರೂ ಬಳಸಬೇಕು. ಆದರೆ ಈ ಮಕ್ಕಳಲ್ಲಿ ಹಲವರಿಗೆ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ಹಾಳುಮಾಡಿರುತ್ತದೆ. ಅವರಿಗೆ ಉಪ್ಪು ಔಷಧಿಯಾಗದು.

ಆರೇಳು ವರ್ಷದ ಮಗಳು 'ದೊಡ್ಡವಳಾದಳು' ಎಂದು ಶಾಲೆ ಬಿಡಿಸುವುದಾಗಲಿ, ನಾಚಿಕೆಯಿಂದ ಮುಚ್ಚಿಡುವುದಾಗಲಿ ಸಲ್ಲದು. ಅವಳು ಇನ್ನೂ ಮಗುವೇ. ತಡಮಾಡಿದಷ್ಟೂ ಬೆಳವಣಿಗೆಯ ಕಾಲ ಕಳೆದುಹೋಗುತ್ತದೆ ಎಂಬುದನ್ನು ಮರೆಯದೆ, ಕೂಡಲೇ ವೈದ್ಯರಿಗೆ ತೋರಿಸಿ.