ಅಗಲಿಯೂ ಅಗಲದ ಜೋಡಿ

ಸ್ಕಾಟ್ ಫಿಟ್ಸ್‌ಜೆರಾಲ್ಡ್ – ಜೆಲ್ಡಾ ದಂಪತಿಗಳ ಬಾಳಕಥೆ

1918ರ ಬೇಸಗೆ. ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧದ ಬೆಂಕಿ ಇನ್ನೂ ಆರಿರಲಿಲ್ಲ. ಹಿಂದಿನ ವರ್ಷವಷ್ಟೇ ಯುದ್ಧಕ್ಕೆ ಧುಮುಕಿದ್ದ ಅಮೆರಿಕವು ತನ್ನ ತರುಣರನ್ನು ಹಡಗು ಹಡಗಾಗಿ ಫ್ರಾನ್ಸಿಗೆ ಕಳುಹಿಸುತ್ತಿತ್ತು. ಹಾಗೆ ಹೋಗಲಿದ್ದವರನ್ನು ತರಬೇತುಗೊಳಿಸುವ ಶಿಬಿರಗಳಲ್ಲೊಂದು ದಕ್ಷಿಣದ ಅಲಬಾಮ ರಾಜ್ಯದ ರಾಜಧಾನಿಯಾದ ಮಾಂಟ್‌ಗೊಮರಿಯ ಬಳಿ ಇತ್ತು. ಸಂಜೆಯಾದರೆ ಅಲ್ಲಿನ ತರುಣ ಅಧಿಕಾರಿಗಳು ಊರಿನ ಕ್ಲಬ್ಬಿನ ನೃತ್ಯಕೂಟಗಳಿಗೆ ಬರುವುದು ವಾಡಿಕೆ. ಇಂತಹ ಸಂಜೆಗಳು ತಮ್ಮ ಪಾಲಿಗೆ ಇನ್ನೆಷ್ಟು ಉಳಿದಿವೆಯೋ ಎಂದು ಎಣಿಸುತ್ತಿದ್ದ ಆ ಹುಡುಗರಲ್ಲಿ ಪ್ರೇಮವು ಬಹು ಬೇಗನೆ ಅಂಕುರಿಸುತ್ತಿತ್ತು.

ಜುಲೈ ತಿಂಗಳ ಅಂತಹದೊಂದು ಕೂಟದಲ್ಲಿ ಸ್ಕಾಟ್ ಫಿಟ್ಸ್‌ಜೆರಾಲ್ಡ್ ಎಂಬ ಲೆಫ್ಟಿನೆಂಟನು ಜೆಲ್ಡಾ ಸೇಯರ್ ಎಂಬ ಕನ್ಯೆಯನ್ನು ಕಂಡನು. ಅವನಿಗೆ ಇಪ್ಪತ್ತೊಂದು ವರ್ಷ. ಅವಳು ಹದಿನೆಂಟರ ಹೊಸ್ತಿಲಲ್ಲಿದ್ದಳು. ಅವನು ಉತ್ತರದ ಮಿನೆಸೋಟದವನು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ಪೂರೈಸದೆ ಸೈನ್ಯಕ್ಕೆ ಸೇರಿದವನು. ಅವಳು ಅಲಬಾಮದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರ ಕಿರಿಯ ಮಗಳು. ಮುದ್ದಿನಿಂದ ಬೆಳೆದು, ಊರಿನ ಕಟ್ಟುಪಾಡುಗಳನ್ನು ಲೆಕ್ಕಿಸದೆ ನಗುತ್ತಿದ್ದವಳು. ಆಕೆಯ ಗಮನ ಸೆಳೆಯಲೆಂದು ವಾಯುಪಡೆಯ ಯುವಕರು ಆಕೆಯ ಮನೆಯ ಮೇಲೆಯೇ ವಿಮಾನ ಹಾರಿಸಿ ಸಾಹಸ ತೋರುತ್ತಿದ್ದರೆಂದು ಹೇಳುತ್ತಾರೆ.

ಮೊದಲನೆಯ ಪರೀಕ್ಷೆ

ಯುದ್ಧದಿಂದ ತಾನು ಮರಳಿ ಬರುವುದಿಲ್ಲವೆಂದೇ ಸ್ಕಾಟ್ ನಂಬಿದ್ದನು. ಸಾಯುವ ಮುನ್ನ ಒಂದು ಕಾದಂಬರಿಯನ್ನಾದರೂ ಬರೆದಿಡಬೇಕೆಂದು ತರಬೇತಿಯ ದಿನಗಳಲ್ಲಿ ವಾರದ ಕೊನೆಯ ಬಿಡುವನ್ನೆಲ್ಲ ಬರವಣಿಗೆಗೆ ಮೀಸಲಿಟ್ಟಿದ್ದನು. ನ್ಯೂಯಾರ್ಕಿನ ಸ್ಕ್ರಿಬ್ನರ್ ಪ್ರಕಾಶನ ಸಂಸ್ಥೆಯು ಆ ಹಸ್ತಪ್ರತಿಯನ್ನು ನಾಲ್ಕು ಒಳ್ಳೆಯ ಮಾತುಗಳೊಡನೆ ಹಿಂದಿರುಗಿಸಿತು. ಅಷ್ಟರಲ್ಲಿ ಅವನ ದಳಕ್ಕೆ ಹೊರಡುವ ಆಜ್ಞೆಯೂ ಬಂದಿತು. ಆದರೆ ಅವನು ಹಡಗಿನಲ್ಲಿ ಸಮುದ್ರ ದಾಟುವ ಮೊದಲೇ, 1918ರ ನವೆಂಬರ್ 11ರಂದು, ಕದನವಿರಾಮ ಘೋಷಣೆಯಾಯಿತು. ಜೀವವುಳಿಯಿತು, ಆದರೆ ರಣರಂಗವನ್ನು ಕಾಣಲಿಲ್ಲವೆಂಬ ಕೊರಗು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಸಮವಸ್ತ್ರ ಕಳಚಿದ ಮೇಲೆ ನಿಜವಾದ ಕಷ್ಟ ಆರಂಭವಾಯಿತು. ಯುದ್ಧಕ್ಕೆ ಹೊರಟ ವೀರನನ್ನು ಪ್ರೀತಿಸುವುದು ಸುಲಭ. ಕೈಯಲ್ಲಿ ಕಾಸಿಲ್ಲದ ಗುಮಾಸ್ತೆಗಾಗಿ ಕಾಯುವುದು ಸುಲಭವಲ್ಲ. 1919ರಲ್ಲಿ ಸ್ಕಾಟ್ ನ್ಯೂಯಾರ್ಕಿನ ಜಾಹೀರಾತು ಕಂಪನಿಯೊಂದರಲ್ಲಿ ಟ್ರಾಮ್ ಗಾಡಿಗಳ ಜಾಹೀರಾತು ಬರೆಯುತ್ತ, ರಾತ್ರಿಯ ವೇಳೆ ಕಥೆ ಬರೆಯುತ್ತ ದಿನ ನೂಕಿದನು. ಪತ್ರಿಕೆಗಳಿಂದ ಕಥೆಗಳು ಒಂದೊಂದಾಗಿ ಹಿಂದಿರುಗಿದವು. ಹಾಗೆ ಬಂದ 122 ನಿರಾಕರಣ ಪತ್ರಗಳನ್ನು ಕೊಠಡಿಯ ಗೋಡೆಗೆ ಅಂಟಿಸಿಕೊಂಡಿದ್ದೆನೆಂದು ಅವನೇ ಮುಂದೆ ಬರೆದಿದ್ದಾನೆ. ತನ್ನ ತಾಯಿಯ ಉಂಗುರವನ್ನು ಜೆಲ್ಡಾಳಿಗೆ ಕಳುಹಿಸಿ ವಾಗ್ದಾನ ಪಡೆದಿದ್ದನಾದರೂ, ಜೂನ್ ತಿಂಗಳಲ್ಲಿ ಆಕೆ ನಿಶ್ಚಿತಾರ್ಥವನ್ನು ಮುರಿದಳು.

ಅವನು ಕೆಲಸ ಬಿಟ್ಟು ತಂದೆತಾಯಿಗಳ ಮನೆಗೆ ಮರಳಿ, ಬೇಸಗೆಯೆಲ್ಲ ಬಾಗಿಲು ಹಾಕಿಕೊಂಡು ಆ ಹಳೆಯ ಕಾದಂಬರಿಯನ್ನೇ ಹೊಸದಾಗಿ ಬರೆದನು. ಸೆಪ್ಟೆಂಬರಿನಲ್ಲಿ ಅದೇ ಸ್ಕ್ರಿಬ್ನರ್ ಸಂಸ್ಥೆ ಅದನ್ನು ಸ್ವೀಕರಿಸಿತು. ‘ದಿಸ್ ಸೈಡ್ ಆಫ್ ಪ್ಯಾರಡೈಸ್’ 1920ರ ಮಾರ್ಚ್ 26ರಂದು ಪ್ರಕಟವಾಯಿತು. ಏಪ್ರಿಲ್ 3ರಂದು ನ್ಯೂಯಾರ್ಕಿನಲ್ಲಿ ಅವರ ವಿವಾಹವೂ ನಡೆಯಿತು.

ಬೆಳಕಿನ ದಿನಗಳು

ಮುಂದಿನ ಹತ್ತು ವರ್ಷ ಅವರ ಹೆಸರು ಪತ್ರಿಕೆಗಳಲ್ಲಿ ಮಿಂಚಿತು. 1921ರಲ್ಲಿ ಸ್ಕಾಟಿ ಎಂಬ ಮಗಳು ಹುಟ್ಟಿದಳು. 1925ರಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಹೊರಬಂದಿತು. ಸಮವಸ್ತ್ರದಲ್ಲಿದ್ದಾಗ ಪ್ರೀತಿಸಿದ ಸಿರಿವಂತ ಹುಡುಗಿಯನ್ನು ಬಡತನದಿಂದ ಕಳೆದುಕೊಂಡವನ ಕಥೆಯದು. ಅದರಲ್ಲಿ ಮಾಂಟ್‌ಗೊಮರಿಯ ನೆರಳನ್ನು ಕಾಣದವರಿಲ್ಲ. 1929ರ ಹೊತ್ತಿಗೆ ಅವನ ಒಂದೊಂದು ಸಣ್ಣಕಥೆಗೆ 4000 ಡಾಲರ್ ಸಂಭಾವನೆ ಬರುತ್ತಿತ್ತು. ಆದರೆ ಹಾಸಿಗೆಯಿದ್ದಷ್ಟು ಕಾಲು ಚಾಚುವ ವಿವೇಕ ಇಬ್ಬರಿಗೂ ಇರಲಿಲ್ಲ. ಸ್ಕಾಟನ ಕುಡಿತ ಬೆಳೆಯಿತು. ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

ಗಂಡನ ಕೀರ್ತಿಯ ನೆರಳಿನಲ್ಲಿ ತನ್ನದೇನೂ ಇಲ್ಲವೆಂಬ ಅಳಲು ಜೆಲ್ಡಾಳನ್ನು ಕಾಡತೊಡಗಿತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಆಕೆ ಬ್ಯಾಲೆ ನೃತ್ಯದ ಅಭ್ಯಾಸಕ್ಕೆ ತೊಡಗಿದಳು. ಆ ಕಲೆಗೆ ಎಳೆಯ ಮೈಯೇ ಬೇಕು. ಆದರೂ ಪ್ಯಾರಿಸಿನಲ್ಲಿ ರಷ್ಯದ ಖ್ಯಾತ ನರ್ತಕಿ ಎಗೊರೋವಾಳ ಬಳಿ ಹಗಲೆಲ್ಲ ದಣಿಯುವವರೆಗೆ ಅಭ್ಯಾಸ ಮಾಡಿದಳು. ಆ ಶ್ರದ್ಧೆ ಎಲ್ಲಿ ಮುಗಿಯಿತು, ರೋಗ ಎಲ್ಲಿ ಮೊದಲಾಯಿತು ಎಂಬುದನ್ನು ಹತ್ತಿರದವರೂ ಅರಿಯಲಾರದೆ ಹೋದರು.

ಎರಡನೆಯ ಪರೀಕ್ಷೆ

1930ರ ಏಪ್ರಿಲ್‌ನಲ್ಲಿ ಜೆಲ್ಡಾಳ ಮನಸ್ಸಿನ ಸಮತೋಲ ಕುಸಿದುಬಿದ್ದಿತು. ಪ್ಯಾರಿಸಿನ ಬಳಿಯ ಚಿಕಿತ್ಸಾಲಯವೊಂದಕ್ಕೆ ಸೇರಿಸಿದರು; ಅಲ್ಲಿಂದ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿದ್ದ ಪ್ರಾಂಜಾನ್ ಮಾನಸಿಕ ಆಸ್ಪತ್ರೆಗೆ ಕರೆತಂದರು. ಡಾಕ್ಟರ್ ಆಸ್ಕರ್ ಫೊರೆಲ್ ಅವರು ರೋಗವನ್ನು ‘ಸ್ಕಿಜೋಫ್ರೇನಿಯ’ ಎಂದು ಗುರುತಿಸಿದರು. ಆ ರೋಗಕ್ಕೆ ಆ ಹೆಸರನ್ನಿಟ್ಟ ಯುಜೀನ್ ಬ್ಲಾಯ್ಲರ್ ಅವರನ್ನೇ ಕರೆಸಿ ತೋರಿಸಿದ್ದೂ ಆಯಿತು. ಇಂದಿನ ಕೆಲವರು, ಅದು ಉನ್ಮಾದ–ಖಿನ್ನತೆಗಳು ಸರದಿಯಂತೆ ಬಂದುಹೋಗುವ ಬೇರೊಂದು ರೋಗವಿದ್ದಿರಬಹುದೆಂದು ಅಭಿಪ್ರಾಯಪಡುತ್ತಾರೆ.

ಮನಸ್ಸಿನ ಜೊತೆಗೆ ದೇಹವೂ ನರಳಿತು. ಮೈಯೆಲ್ಲ ಉರಿಯುವ ಚರ್ಮವ್ಯಾಧಿ ವಾರಗಟ್ಟಲೆ ಕಾಡಿತು. ಭೇಟಿಯಿಂದ ರೋಗಿ ಉದ್ವಿಗ್ನಳಾಗುತ್ತಾಳೆಂದು ಪತಿಯನ್ನು ಕೆಲವು ಕಾಲ ದೂರವಿಟ್ಟಾಗ, ಇಬ್ಬರಿಗೂ ಉಳಿದದ್ದು ಕಾಗದವೊಂದೇ. ಆ ಪತ್ರಗಳಲ್ಲಿ ಪ್ರೀತಿಯ ಕರೆಯೂ ಇದೆ, ಆರೋಪಗಳ ಉದ್ದನೆಯ ಪಟ್ಟಿಯೂ ಇದೆ. ನೀನೂ ಮದ್ಯವನ್ನು ಬಿಡಬೇಕೆಂದು ವೈದ್ಯರು ಸ್ಕಾಟನಿಗೆ ಸೂಚಿಸಿದರು; ಅವನು ಒಪ್ಪಲಿಲ್ಲ. ಹೆಂಡತಿಯ ಚಿಕಿತ್ಸೆಗೆ ಹಣ ಹೊಂದಿಸಲು ಅವನು ಕಾದಂಬರಿಯನ್ನು ಬದಿಗಿಟ್ಟು ಕಥೆಗಳ ಮೇಲೆ ಕಥೆ ಬರೆದದ್ದು ಎಷ್ಟು ನಿಜವೋ, ಇದೂ ಅಷ್ಟೇ ನಿಜ.

ಹದಿನೈದು ತಿಂಗಳ ನಂತರ ಆಕೆ ಚೇತರಿಸಿಕೊಂಡು ಹೊರಬಂದಳು. ಆದರೆ ತಂದೆ ತೀರಿಕೊಂಡ ಮೇಲೆ ರೋಗ ಮರುಕಳಿಸಿತು. 1932ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಫಿಪ್ಸ್ ಚಿಕಿತ್ಸಾಲಯವನ್ನು ಸೇರಿದಳು.

ಬಾಳು ಯಾರದು, ಕಥೆ ಯಾರದು?

ಅಲ್ಲಿ ನಡೆದದ್ದು ವಿಸ್ಮಯಕರ. ಆಸ್ಪತ್ರೆಯಲ್ಲಿದ್ದುಕೊಂಡೇ ಜೆಲ್ಡಾ ಕೆಲವೇ ವಾರಗಳಲ್ಲಿ ಒಂದು ಕಾದಂಬರಿಯನ್ನು ಮುಗಿಸಿ, ಗಂಡನಿಗೆ ತೋರಿಸದೆ ನೇರವಾಗಿ ಪ್ರಕಾಶಕರಿಗೆ ಕಳುಹಿಸಿದಳು. ಸ್ಕಾಟ್ ಕೆರಳಿದನು. ತಾನು ವರ್ಷಗಳಿಂದ ಬರೆಯುತ್ತಿದ್ದ ಕಾದಂಬರಿಗೆ ಆಧಾರವಾಗಿದ್ದ ದಾಂಪತ್ಯದ ಅನುಭವಗಳನ್ನೇ ಆಕೆ ಬಳಸಿಕೊಂಡಿದ್ದಾಳೆಂಬುದು ಅವನ ದೂರು. ಆ ಬಾಳು ತನ್ನದೂ ಹೌದೆಂಬುದು ಆಕೆಯ ಉತ್ತರ. ತಿದ್ದುಪಡಿಗಳ ಬಳಿಕ ‘ಸೇವ್ ಮಿ ದಿ ವಾಲ್ಟ್ಜ್’ ಎಂಬ ಹೆಸರಿನಲ್ಲಿ ಅದು ಆ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅಚ್ಚಾದ ಸುಮಾರು 3000 ಪ್ರತಿಗಳಲ್ಲಿ ಅರ್ಧದಷ್ಟೂ ಮಾರಾಟವಾಗಲಿಲ್ಲ.

1933ರ ಮೇ ತಿಂಗಳಲ್ಲಿ ಗಂಡಹೆಂಡಿರು ವೈದ್ಯರೊಬ್ಬರನ್ನು ಮಧ್ಯಸ್ಥರನ್ನಾಗಿ ಕೂರಿಸಿಕೊಂಡು, ಶೀಘ್ರಲಿಪಿಕಾರರ ಎದುರಿನಲ್ಲಿ ಈ ಜಗಳವನ್ನು ಆಡಿದರು. ಅದರ ಬರಹ 114 ಪುಟಗಳಷ್ಟಾಯಿತು. ಮರುವರ್ಷ ಹೊರಬಂದ ಸ್ಕಾಟನ ‘ಟೆಂಡರ್ ಈಸ್ ದಿ ನೈಟ್’ ಕಾದಂಬರಿಯಲ್ಲಿ, ತನ್ನ ರೋಗಿಯನ್ನೇ ವರಿಸಿದ ಮನೋವೈದ್ಯನ ಕಥೆಯಿದೆ. ಜೆಲ್ಡಾ ಆಸ್ಪತ್ರೆಯಿಂದ ಬರೆದ ಕಾಗದಗಳ ಛಾಯೆಯೂ ಅದರಲ್ಲಿದೆ. ಹೆಂಡತಿಗೆ ಬೇಡವೆಂದ ಹಕ್ಕನ್ನು ಗಂಡ ತಾನು ಬಳಸಿಕೊಂಡನು. ಈ ಅನ್ಯಾಯವನ್ನು ಓದುಗರು ಬಹುಕಾಲ ಗಮನಿಸಲಿಲ್ಲ. 1970ರಲ್ಲಿ ನ್ಯಾನ್ಸಿ ಮಿಲ್‌ಫರ್ಡ್ ಬರೆದ ಜೀವನಚರಿತ್ರೆ ಬಂದ ಮೇಲೆಯೇ ಜೆಲ್ಡಾಳ ಕಡೆಯ ಮಾತು ಲೋಕಕ್ಕೆ ಸರಿಯಾಗಿ ಕೇಳಿಸಿತು.

ದೂರದ ಸಂಸಾರ

ಮನಸ್ಸು ಮುರಿಯುವುದೇನೆಂಬುದು ಸ್ಕಾಟನಿಗೂ ಅನುಭವಕ್ಕೆ ಬಂದಿತು. 1936ರಲ್ಲಿ ತನ್ನ ಸ್ವಂತ ಕುಸಿತವನ್ನು ಕುರಿತು ಅವನು ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಮರೆಮಾಚದೆ ಬರೆದನು. ಅದೇ ವರ್ಷ ಜೆಲ್ಡಾ ಉತ್ತರ ಕೆರೊಲಿನದ ಆಶ್‌ವಿಲ್ ನಗರದ ಹೈಲೆಂಡ್ ಆಸ್ಪತ್ರೆಯನ್ನು ಸೇರಿದಳು. ನಡಿಗೆ, ವ್ಯಾಯಾಮ, ಪಥ್ಯಗಳೊಡನೆ ಇನ್‌ಸುಲಿನ್ ಚಿಕಿತ್ಸೆಯೂ ಅಲ್ಲಿ ನಡೆಯುತ್ತಿತ್ತು. ಮರುವರ್ಷ ಸ್ಕಾಟ್ ಹಾಲಿವುಡ್‌ಗೆ ಹೋಗಿ ವಾರಕ್ಕೆ 1000 ಡಾಲರಿನ ಸಂಬಳಕ್ಕೆ ಚಿತ್ರಕಥೆ ಬರೆಯತೊಡಗಿದನು. ಆ ಸಂಬಳ ಹಳೆಯ ಸಾಲಕ್ಕೂ ಮಗಳ ವಿದ್ಯಾಭ್ಯಾಸಕ್ಕೂ ಹೆಂಡತಿಯ ಆಸ್ಪತ್ರೆಗೂ ಹಂಚಿಹೋಗುತ್ತಿತ್ತು.

ಅಲ್ಲಿ ಶೀಲಾ ಗ್ರಹಾಂ ಎಂಬ ಪತ್ರಕರ್ತೆಯ ಸಂಗಡ ಅವನಿಗೆ ಅನುರಾಗ ಬೆಳೆಯಿತು. ಆದರೂ ಜೆಲ್ಡಾಳಿಂದ ವಿಚ್ಛೇದನ ಪಡೆಯಲಿಲ್ಲ. ಆಕೆಯ ಹೊರೆಯನ್ನು ಕೆಳಗಿಳಿಸಲೂ ಇಲ್ಲ. 1939ರ ವಸಂತದಲ್ಲಿ ಇಬ್ಬರೂ ಕ್ಯೂಬಾಗೆ ಕೈಗೊಂಡ ಪ್ರವಾಸ ಅವನ ಕುಡಿತದಿಂದ ಹಾಳಾಯಿತು. ಅದೇ ಅವರ ಕೊನೆಯ ಭೇಟಿ. 1940ರ ಏಪ್ರಿಲ್‌ನಲ್ಲಿ ಜೆಲ್ಡಾ ಆಸ್ಪತ್ರೆ ಬಿಟ್ಟು ಮಾಂಟ್‌ಗೊಮರಿಯಲ್ಲಿದ್ದ ತಾಯಿಯ ಮನೆಗೆ ಬಂದಳು. ವಾರ ವಾರ ಇವಳ ಕಾಗದ ಹಾಲಿವುಡ್‌ಗೆ ಹೋಗುತ್ತಿತ್ತು. ವಾರ ವಾರ ಅವನ ಉತ್ತರ ಬರುತ್ತಿತ್ತು. ಡಿಸೆಂಬರ್ 21ರಂದು ಹೃದಯಾಘಾತದಿಂದ ಸ್ಕಾಟ್ ತೀರಿಕೊಂಡನು. ವಯಸ್ಸು ನಲವತ್ತನಾಲ್ಕು.

ಜೆಲ್ಡಾ ಏಳು ವರ್ಷಕ್ಕೂ ತುಸು ಹೆಚ್ಚು ಕಾಲ ಉಳಿದಳು. ಚಿತ್ರ ಬರೆದಳು, ಎರಡನೆಯ ಕಾದಂಬರಿಗೂ ಕೈಹಚ್ಚಿದಳು. ರೋಗ ಹೆಚ್ಚಿದಾಗಲೆಲ್ಲ ಹೈಲೆಂಡ್ ಆಸ್ಪತ್ರೆಗೆ ಮರಳುತ್ತಿದ್ದಳು. 1948ರ ಮಾರ್ಚ್ 10ರ ರಾತ್ರಿ ಅಲ್ಲಿನ ಅಡಿಗೆಮನೆಯಲ್ಲಿ ಹೊತ್ತಿದ ಬೆಂಕಿ ಮೇಲಿನ ಅಂತಸ್ತುಗಳಿಗೆ ಏರಿತು. ಸತ್ತ ಒಂಬತ್ತು ಮಂದಿ ಸ್ತ್ರೀಯರಲ್ಲಿ ಆಕೆಯೂ ಒಬ್ಬಳು. ಆಕೆಯನ್ನು ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ಪತಿಯ ಮಗ್ಗುಲಲ್ಲೇ ಮಣ್ಣು ಮಾಡಿದರು.

ಉನ್ಮಾದವನ್ನು ತಣಿಸುವ ಲಿಥಿಯಂ ಔಷಧದ ಗುಣವನ್ನು ಆಸ್ಟ್ರೇಲಿಯದ ವೈದ್ಯರೊಬ್ಬರು ಪ್ರಕಟಿಸಿದ್ದು 1949ರಲ್ಲಿ. ಚಿತ್ತಭ್ರಮೆಗೆ ಕ್ಲೋರ್‌ಪ್ರೋಮಜೀನ್ ಬಳಕೆಗೆ ಬಂದದ್ದು 1952ರಲ್ಲಿ. ಜೆಲ್ಡಾಳಿಗೆ ಅವು ತಡವಾದವು. ಪ್ರೀತಿಯೊಂದರಿಂದಲೇ ಇಂತಹ ರೋಗ ವಾಸಿಯಾಗುವುದಿಲ್ಲ. ವಾಸಿಯಾಗದಿದ್ದುದಕ್ಕೆ ಪ್ರೀತಿ ಸಾಲದೆ ಹೋಯಿತೆಂದು ರೋಗಿಯನ್ನಾಗಲಿ ಮನೆಯವರನ್ನಾಗಲಿ ಹಳಿಯುವುದೂ ನ್ಯಾಯವಲ್ಲ. ಈ ದಂಪತಿಗಳು ಪರಸ್ಪರ ನೋಯಿಸಿದರು, ಒಂದೇ ಸೂರಿನಡಿ ಬಾಳಲಾರದೆ ಹೋದರು. ಆದರೂ ಒಬ್ಬರ ಯೋಗಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವುದನ್ನು ನಿಲ್ಲಿಸಲಿಲ್ಲ.

ಅವರ ಪತ್ರಗಳು ಒಟ್ಟಾಗಿ 2002ರಲ್ಲಿ ಪುಸ್ತಕರೂಪದಲ್ಲಿ ಬಂದಿವೆ. ಕೊನೆಯ ವರ್ಷದ ಕಾಗದಗಳಲ್ಲಿ ಯೌವನದ ಆವೇಶವಿಲ್ಲ. ತಲುಪಿದ ಹಣಕ್ಕೆ ವಂದನೆ, ಮಗಳ ಓದಿನ ಚಿಂತೆ, ಊರಿನ ಹವೆ, ಅಂಗಳದ ಹೂವು, ಆರೋಗ್ಯ ಜೋಪಾನವೆಂಬ ಎಚ್ಚರಿಕೆ – ಯಾವ ಸಂಸಾರದಲ್ಲಾದರೂ ನಡೆಯುವ ಮಾತುಗಳೇ.