ಹಟ್ಟಿಯ ಮೊಳೆ, ತಂತಿ ಹುಡುಕಲು ಲೋಹಶೋಧಕ: ಮನೆಯಂಗಳದಲ್ಲೇ ಅಭ್ಯಾಸ ಮಾಡಿರಿ

ಹಸು, ಎಮ್ಮೆಗಳು ಮೇವನ್ನು ಆರಿಸಿ ತಿನ್ನುವುದಿಲ್ಲ; ಸರಿಯಾಗಿ ಅಗಿಯದೆ ನುಂಗುತ್ತವೆ. ಹೀಗೆ ಒಳಹೋದ ಮೊಳೆ, ತಂತಿಯ ಚೂರುಗಳು ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತವೆ. ಈ ಹೊಟ್ಟೆಯು ಹೃದಯಕ್ಕೆ ತೀರ ಸಮೀಪ. ಮೊನಚಾದ ತಂತಿ ಹೊಟ್ಟೆಯನ್ನು ಚುಚ್ಚಿ ಮುಂದೆ ಸರಿದು ಹೃದಯಕ್ಕೆ ತಾಗಿದರೆ ದನ ಉಳಿಯುವುದು ಕಷ್ಟ. ಆದುದರಿಂದ ಚೂರುಗಳನ್ನು ಮೊದಲೇ ಹುಡುಕಿ ತೆಗೆಯುವುದು ಲೇಸು. ಬೇಲಿ ಕಟ್ಟಿದ, ಮನೆ ರಿಪೇರಿ ಮಾಡಿದ, ಹಳೆಯ ಟೈರು ಸುಟ್ಟ ಜಾಗಗಳಲ್ಲಿ ಇವು ಹೆಚ್ಚಾಗಿರುತ್ತವೆ.

ಶೋಧಕ ಕೆಲಸ ಮಾಡುವ ಬಗೆ

ಲೋಹಶೋಧಕದ ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಲೋಹ ಹತ್ತಿರ ಬಂದಾಗ ಈ ಕ್ಷೇತ್ರ ಬದಲಾಗಿ ಯಂತ್ರ ಸದ್ದು ಮಾಡುತ್ತದೆ. ಸುತ್ತಮುತ್ತಲಿನ ಬೇರೆ ಲೋಹವೂ ಹೀಗೆಯೇ ಅಡ್ಡಬರುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ರ ದೇಹದಲ್ಲಿದ್ದ ಗುಂಡನ್ನು ಗ್ರಹಾಂ ಬೆಲ್ ಇಂತಹ ಉಪಕರಣದಿಂದ ಹುಡುಕಿದರೂ ಅದು ಸಿಕ್ಕಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಇದಕ್ಕೆ ಒಂದು ಕಾರಣವೆನ್ನುತ್ತಾರೆ.

ಅಭ್ಯಾಸದ ಕ್ರಮ

1. ಕೈಗಡಿಯಾರ, ಕಡಗ, ಬೀಗದ ಕೈ ತೆಗೆದಿಡಿ. ತಗಡಿನ ಗೋಡೆ, ವಿದ್ಯುತ್ ತಂತಿ, ಪಂಪಿನಿಂದ ದೂರವಿರಿ.

2. ಕೆಲವು ಶೋಧಕಗಳಲ್ಲಿ ಕಬ್ಬಿಣವನ್ನು ಬಿಟ್ಟುಬಿಡುವ ಗುಂಡಿ ಇರುತ್ತದೆ. ನಮಗೆ ಬೇಕಾದುದೇ ಕಬ್ಬಿಣ. ಆದ್ದರಿಂದ ಎಲ್ಲಾ ಲೋಹಕ್ಕೂ ಸದ್ದು ಮಾಡುವಂತೆ ಇಡತಕ್ಕದ್ದು.

3. ಮೊಳೆ, ತಂತಿ, ತಾಮ್ರದ ಚೂರುಗಳನ್ನು ಒಂದೊಂದಾಗಿ ತಟ್ಟೆಯ ಮುಂದೆ ಆಡಿಸಿ, ಸದ್ದಿನ ವ್ಯತ್ಯಾಸ ಕೇಳಿರಿ.

4. ಲೋಹವಿಲ್ಲದ ಜಾಗ ಆರಿಸಿ 1, 2, 4 ಅಂಗುಲ ಆಳದಲ್ಲಿ ಮೊಳೆಗಳನ್ನು ಎರಡೆರಡು ಅಡಿ ಅಂತರದಲ್ಲಿ ಹೂಳಿರಿ. ಗೂಟ ನೆಟ್ಟು ಗುರುತಿಡಿ. ಯಾವ ಆಳದವರೆಗೆ ಸದ್ದು ಬಂತೆಂದು ಬರೆದಿಡಿ. ಸಣ್ಣ ಮೊಳೆ ಕೆಲವೇ ಅಂಗುಲ ಆಳದಿಂದ ಮಾತ್ರ ಪತ್ತೆಯಾಗುತ್ತದೆ.

5. ತಟ್ಟೆಯನ್ನು ನೆಲಕ್ಕೆ ಸಮನಾಗಿ, ನಿಧಾನವಾಗಿ ಆಡಿಸಿರಿ. ಕೊನೆಯಲ್ಲಿ ಮೇಲೆತ್ತಬಾರದು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಭಾಗವನ್ನು ಮುಚ್ಚುವಂತಿರಲಿ.

6. ಸದ್ದು ಬಂದಲ್ಲಿ ಉದ್ದಕ್ಕೂ ಅಡ್ಡಕ್ಕೂ ಆಡಿಸಿರಿ. ಎರಡೂ ಕಡೆ ಸದ್ದು ಹೆಚ್ಚಾದ ಬಿಂದುವಿನಲ್ಲಿ ಅಗೆಯಿರಿ.

7. ಕೊನೆಗೆ ಮನೆಯವರಿಂದ ಹತ್ತು ಮೊಳೆಗಳನ್ನು ಮೇಲ್ಪದರದಲ್ಲಿ ಬಚ್ಚಿಡಿಸಿ, ನೀವು ಹುಡುಕಿರಿ. ಹತ್ತೂ ಸಿಕ್ಕಿದ ಮೇಲೆ ಹಟ್ಟಿಯ ಕೆಲಸಕ್ಕೆ ಕೈಹಾಕಿರಿ. ಒಂದು ಬಾಕಿಯಾದರೂ ಸಿಗುವವರೆಗೆ ಆ ಜಾಗಕ್ಕೆ ದನ ಬಿಡಬೇಡಿ.

ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಸುಳ್ಳು ಸದ್ದು ಬರಬಹುದು. ಅಲ್ಲಿ ಯಂತ್ರದ ಸೂಕ್ಷ್ಮತೆಯನ್ನು ಸ್ವಲ್ಪ ಇಳಿಸಿರಿ. ಶೋಧಕವಿಲ್ಲದವರು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಅಂಗಳದಲ್ಲಿ ಎಳೆಯಬಹುದು. ಮೇಲೆ ಬಿದ್ದ ಕಬ್ಬಿಣ ಅದಕ್ಕೆ ಅಂಟುತ್ತದೆ; ತಾಮ್ರ, ಅಲ್ಯೂಮಿನಿಯಂ ಅಂಟುವುದಿಲ್ಲ.

ಎಚ್ಚರಿಕೆ

ದನ ಮೇವು ಬಿಟ್ಟು, ಹಾಲು ಇಳಿದು, ಬೆನ್ನು ಗೂನು ಮಾಡಿ ನಿಂತು, ಇಳಿಜಾರಿನಲ್ಲಿ ನರಳಿದರೆ ಕೂಡಲೇ ಪಶುವೈದ್ಯರನ್ನು ಕರೆಯಿಸಿರಿ. ಶೋಧಕವನ್ನು ದನದ ಎದೆಗೆ ಹಿಡಿದು ನೀವೇ ತೀರ್ಮಾನಿಸಬೇಡಿ. ಆರೋಗ್ಯವಾದ ದನದ ಹೊಟ್ಟೆಯಲ್ಲೂ ಕಬ್ಬಿಣ ಇರಬಹುದು.

ಅಗೆಯುವಾಗ ಹಳೆಯ ನಾಣ್ಯ, ಒಡವೆ ಸಿಕ್ಕರೆ ಬಚ್ಚಿಡದೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಹೆಕ್ಕಿದ ಚೂರುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಗುಜರಿಗೆ ಕೊಡಿರಿ. ತಿಪ್ಪೆಗೆ ಎಸೆದರೆ ಅವು ಗೊಬ್ಬರದೊಡನೆ ಮತ್ತೆ ಹೊಲಕ್ಕೂ ಮೇವಿಗೂ ಬರುತ್ತವೆ.